ಒಂದೇ ಕೋಣೆಯಲ್ಲಿ 10 ಅವತಾರ್ ನಿಂತರೆ ಕ್ವೆಸ್ಟ್ 2 ತಡವರಿಸುತ್ತಿದೆ, ಕತ್ತರಿ ಎಲ್ಲಿ ಹಾಕಲಿ?

ಬೆಂಕಿಪೊಟ್ಟಣ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ನಮ್ಮದೊಂದು ಸಣ್ಣ ತಂಡ. ಕಾರ್ಖಾನೆ ಕೆಲಸಗಾರರಿಗೆ ಸುರಕ್ಷತೆಯ ತರಬೇತಿ ಕೊಡುವ ವಿಆರ್ (ವರ್ಚುವಲ್ ರಿಯಾಲಿಟಿ) ಆ್ಯಪ್ ಮಾಡುತ್ತಿದ್ದೇವೆ. ಯೂನಿಟಿ ಗೇಮ್ ಎಂಜಿನ್, ಮೆಟಾದ ಕ್ವೆಸ್ಟ್ 2 ಹೆಡ್‌ಸೆಟ್, ಪಿಸಿ ಜೋಡಣೆ ಇಲ್ಲ. 10 ಜನ ಒಂದೇ ಕೋಣೆಯಲ್ಲಿ ನಿಂತು ಮಾತಾಡಬೇಕು, ಸ್ಪ್ಯಾನರ್‌, ಬೆಂಕಿ ಆರಿಸುವ ಸಿಲಿಂಡರ್ ಎಲ್ಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬೇಕು. 4 ಜನ ಇರುವವರೆಗೆ 72 ಹರ್ಟ್ಸ್ (ಸೆಕೆಂಡಿಗೆ 72 ಚಿತ್ರ) ಆರಾಮಾಗಿ ಬರುತ್ತದೆ. 6 ದಾಟಿದರೆ ಜರ್ಕ್ ಶುರು. 10 ಆದರೆ ಹಾಕಿಕೊಂಡವರಿಗೆ ತಲೆ ಸುತ್ತುತ್ತದೆ.

ಅವತಾರ್, ಅಂದರೆ ಒಬ್ಬೊಬ್ಬರ ಗೊಂಬೆ ಮೈಯ ವಿವರ ಹೀಗಿದೆ. ಮೇಲ್ಮೈಗೆ 28,000 ಟ್ರಯಾಂಗಲ್, ಬಣ್ಣ-ಹೊಳಪಿಗೆ 6 ಮಟೀರಿಯಲ್, ಮೈ ಆಡಿಸಲು 110 ಬೋನ್, ಮುಖಕ್ಕೆ 52 ಬ್ಲೆಂಡ್‌ಶೇಪ್ (ಮುಖದ ಆಕಾರ ಬದಲಿಸುವ ಅಚ್ಚು). ಟ್ರಯಾಂಗಲ್ ಅರ್ಧಕ್ಕೆ ಇಳಿಸಿ ನೋಡಿದೆ, ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಇದರ ಜೊತೆಗೆ ಮೊಣಕೈ ಬೇರೆ ಕಾಟ ಕೊಡುತ್ತಿದೆ, ಕೈ ಎದೆ ಹತ್ತಿರ ತಂದರೆ ಅದು ಕೋಳಿ ರೆಕ್ಕೆ ಥರ ಹೊರಗೆ ಚಾಚಿಕೊಳ್ಳುತ್ತದೆ. ನಮ್ಮ ಮ್ಯಾನೇಜರ್ ಮಾತ್ರ "ಮನುಷ್ಯರ ಹಾಗೇ ಕಾಣಬೇಕು" ಅನ್ನುವುದು ಬಿಟ್ಟು ಬೇರೇನೂ ಹೇಳುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಹಳೇಶೇಡರ್:

ಮೊದಲು ಸಮಯದ ಲೆಕ್ಕ ಕಣ್ಣೆದುರು ಇಟ್ಟುಕೊಳ್ಳಿ. 72 ಹರ್ಟ್ಸ್ ಅಂದರೆ ಒಂದು ಫ್ರೇಮ್‌ಗೆ 13.9 ಮಿಲಿಸೆಕೆಂಡ್. 90 ಹರ್ಟ್ಸ್‌ಗೆ 11.1. ಟ್ರ್ಯಾಕಿಂಗ್, ಧ್ವನಿ, ನೆಟ್‌ವರ್ಕ್, ಕೋಣೆ, ಎರಡೂ ಕಣ್ಣಿನ ಚಿತ್ರ ಎಲ್ಲವೂ ಇದರೊಳಗೇ ಮುಗಿಯಬೇಕು. ಅವತಾರ್‌ಗಳ ಪಾಲಿಗೆ 4-5 ಮಿಲಿಸೆಕೆಂಡ್ ಉಳಿದರೆ ನಿಮ್ಮ ಪುಣ್ಯ. ಅದನ್ನು 10 ಜನಕ್ಕೆ ಹಂಚಿದರೆ ತಲೆಗೆ ಅರ್ಧ ಮಿಲಿಸೆಕೆಂಡ್ ಕೂಡ ಸಿಗುವುದಿಲ್ಲ.

ಟ್ರಯಾಂಗಲ್ ಅರ್ಧ ಮಾಡಿದರೂ ಏನೂ ಆಗಲಿಲ್ಲ ಅಂದರೆ ನಿಮ್ಮ ತೊಂದರೆ ಬಹುಶಃ ಚಿತ್ರ ಬಿಡಿಸುವ ಜಿಪಿಯುದ್ದಲ್ಲ. ಖಚಿತ ಮಾಡಿಕೊಳ್ಳಲು ಸುಲಭದ ದಾರಿ ಇದೆ. ರೆಂಡರ್ ರೆಸಲ್ಯೂಶನ್ ಅನ್ನು ಸಿಕ್ಕಾಪಟ್ಟೆ ಇಳಿಸಿ, ಚಿತ್ರ ಮಸುಕಾದರೂ ಪರವಾಗಿಲ್ಲ. ಆಗ ಫ್ರೇಮ್ ಸಮಯ ಇಳಿದರೆ ಪಿಕ್ಸೆಲ್ ಕೆಲಸ ಜಾಸ್ತಿ ಆಗಿದೆ ಅಂತ. ಇಳಿಯದಿದ್ದರೆ ಸಿಪಿಯು (ಉಳಿದ ಲೆಕ್ಕ ಮಾಡುವ ಭಾಗ) ಅಥವಾ ವರ್ಟೆಕ್ಸ್ (ಟ್ರಯಾಂಗಲ್‌ನ ಮೂಲೆ ಬಿಂದು) ಕಡೆ ನೋಡಿ. ಓವಿಆರ್ ಮೆಟ್ರಿಕ್ಸ್ ಟೂಲ್ ಹಾಕಿಕೊಂಡು ಹೆಡ್‌ಸೆಟ್ ಒಳಗೇ ಸಂಖ್ಯೆ ನೋಡಬಹುದು. ಸಮಯ ಅಳೆಯುವ ಯೂನಿಟಿ ಪ್ರೊಫೈಲರ್ ಅನ್ನು ಎಡಿಟರ್‌ನಲ್ಲಿ ಓಡಿಸಬೇಡಿ, ಅಲ್ಲಿ ಬರುವ ಸಂಖ್ಯೆ ನಿಮ್ಮ ಲ್ಯಾಪ್‌ಟಾಪ್‌ದು. ಡಿವೈಸ್‌ಗೆ ಜೋಡಿಸಿ ನೋಡಿ.

ಇನ್ನು 6 ಮಟೀರಿಯಲ್ ಅಂದರೆ 10 ಜನಕ್ಕೆ 60 ಡ್ರಾ ಕಾಲ್ (ಸಿಪಿಯು ಜಿಪಿಯುಗೆ ಕೊಡುವ 'ಬಿಡಿಸು' ಆದೇಶ), ನೆರಳು ಹಾಕಿದ್ದರೆ ಅದರ ಮೇಲೆ ಇನ್ನಷ್ಟು. ಟೆಕ್ಸ್‌ಚರ್‌ಗಳನ್ನೆಲ್ಲ (ಮೈಗೆ ಅಂಟಿಸುವ ಚಿತ್ರ) ಒಂದೇ ದೊಡ್ಡ ಚಿತ್ರಕ್ಕೆ, ಅಂದರೆ ಅಟ್ಲಾಸ್‌ಗೆ ಸೇರಿಸಿ ಮಟೀರಿಯಲ್ 1 ಮಾಡಿ. ಹೋಲಿಕೆಗೆ, ಜನ ತಮ್ಮದೇ ಅವತಾರ್ ತರುವ ವಿಆರ್‌ಚಾಟ್ ಆ್ಯಪ್‌ನ ಮಿತಿ ನೋಡಿ. ಪಿಸಿ ಬೇಡದ ಸ್ಟ್ಯಾಂಡ್‌ಅಲೋನ್ ಹೆಡ್‌ಸೆಟ್‌ಗೆ ಅವರ ಲೆಕ್ಕದಲ್ಲಿ ಅತ್ಯುತ್ತಮ ದರ್ಜೆ ಸಿಗಲು 7,500 ಟ್ರಯಾಂಗಲ್, 1 ಮಟೀರಿಯಲ್, 75 ಬೋನ್. 20,000 ಟ್ರಯಾಂಗಲ್ ದಾಟಿದರೆ ತೀರಾ ಕಳಪೆ ದರ್ಜೆ. ಕಂಡಕಂಡವರು ತಂದ ಅವತಾರ್ ಓಡಿಸಿ ಪೆಟ್ಟು ತಿಂದವರು ಹಾಕಿದ ಸಂಖ್ಯೆ ಇದು, ಹಾಗಾಗಿ ನಂಬಬಹುದು.

ಚಿಕ್ಕಮಗಳೂರ್‌ಕಾಫಿ:

ಫೋವಿಯೇಟೆಡ್ ರೆಂಡರಿಂಗ್ ಆನ್ ಮಾಡಿ ಗುರು. ಒಂದೇ ಸೆಟ್ಟಿಂಗ್, ಕೆಲಸ ಮುಗೀತು.

ಹಳೇಶೇಡರ್:

ಅದು ಅಂಚಿನ ಪಿಕ್ಸೆಲ್‌ಗಳ ಕೆಲಸ ಕಡಿಮೆ ಮಾಡುತ್ತದೆ ಅಷ್ಟೆ. ಬೋನ್ ಲೆಕ್ಕ ಸಿಪಿಯುನಲ್ಲಿ ಸಿಕ್ಕಿಬಿದ್ದಿದ್ದರೆ ಅದರಿಂದ ಒಂದು ಮೈಕ್ರೋಸೆಕೆಂಡ್ ಕೂಡ ಉಳಿಯುವುದಿಲ್ಲ.

ಬೆಂಕಿಪೊಟ್ಟಣ:

ಡಿವೈಸ್‌ಗೆ ಜೋಡಿಸಿ ನೋಡಿದೆ. ಹಳೇಶೇಡರ್ ಸಾರ್ ಹೇಳಿದ್ದು ಸರಿ, ಸಿಪಿಯುನೇ. ಮುಖ್ಯ ಥ್ರೆಡ್‌ನಲ್ಲಿ ಎದ್ದು ಕಾಣುವುದು ಎರಡು. ಒಂದು ಚಲನೆ ಓಡಿಸುವ ಅನಿಮೇಟರ್, ಇನ್ನೊಂದು ಐಕೆ (ತಲೆ, ಕೈಯ ಜಾಗದಿಂದ ಉಳಿದ ಕೀಲುಗಳ ಕೋನ ಹುಡುಕುವ) ಸ್ಕ್ರಿಪ್ಟ್. ಪ್ರತಿ ಅವತಾರ್‌ಗೂ ಪೂರ್ತಿ ಮೈಯ ಐಕೆ ಓಡುತ್ತಿದೆ, ಬೇರೆಯವರ ಅವತಾರ್‌ಗೂ ಸೇರಿ. ಪ್ರತಿಯೊಬ್ಬರಿಂದ ತಲೆ ಮತ್ತು ಎರಡು ಕೈಯ ಪೊಸಿಶನ್ ಮಾತ್ರ ನೆಟ್‌ವರ್ಕ್‌ನಲ್ಲಿ ಬರುತ್ತದೆ. ಉಳಿದ ಮೈಯನ್ನು ಪ್ರತಿ ಹೆಡ್‌ಸೆಟ್ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ.

ನೆಟ್‌ವರ್ಕ್‌ನಾಗಿ:

ಹಾಗಾದರೆ ಒಂದೇ ಲೆಕ್ಕವನ್ನು 10 ಹೆಡ್‌ಸೆಟ್‌ಗಳು ಬೇರೆ ಬೇರೆಯಾಗಿ ಮಾಡುತ್ತಿವೆ. ಯಾಕೆ? ಯಾರ ಮೈಯೋ ಅವರ ಹೆಡ್‌ಸೆಟ್ ಒಮ್ಮೆ ಲೆಕ್ಕ ಹಾಕಿ ಉತ್ತರವನ್ನೇ ಕಳಿಸಲಿ.

"ಬ್ಯಾಂಡ್‌ವಿಡ್ತ್ ಜಾಸ್ತಿ ಆಗಲ್ವಾ" ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಬೋನ್ ಎಷ್ಟು ತಿರುಗಿದೆ ಅಂತ ಬರೆಯುವ ಕ್ವಾಟರ್ನಿಯನ್‌ನಲ್ಲಿ 4 ಸಂಖ್ಯೆ ಇರುತ್ತವೆ. ಅದರಲ್ಲಿ ಅತಿ ದೊಡ್ಡದನ್ನು ಬಿಟ್ಟು ಉಳಿದ ಮೂರನ್ನು ತಲಾ 10 ಬಿಟ್‌ನಲ್ಲಿ, ಬಿಟ್ಟಿದ್ದು ಯಾವುದು ಅನ್ನುವುದನ್ನು 2 ಬಿಟ್‌ನಲ್ಲಿ ಕಳಿಸಬಹುದು. ಒಟ್ಟು 32 ಬಿಟ್, ಅಂದರೆ 4 ಬೈಟ್. ಬಿಟ್ಟ ಸಂಖ್ಯೆಯನ್ನು ಆ ಕಡೆ ವರ್ಗಮೂಲದಿಂದ ಮತ್ತೆ ಪಡೆಯಬಹುದು, ಯಾಕೆಂದರೆ ನಾಲ್ಕರ ವರ್ಗಗಳ ಮೊತ್ತ ಯಾವಾಗಲೂ 1. ಬೆರಳು ಬಿಟ್ಟು ಮುಖ್ಯವಾದ 20 ಬೋನ್ ಅಂದುಕೊಳ್ಳಿ, 80 ಬೈಟ್. ಸೊಂಟದ ಪೊಸಿಶನ್‌ಗೆ 6 ಬೈಟ್. ಪ್ರತಿ ಪ್ಯಾಕೆಟ್‌ನ ವಿಳಾಸ ಇತ್ಯಾದಿಗೆ ಐಪಿ, ಯುಡಿಪಿ ಹೆಡರ್ 28 ಬೈಟ್. ಎಲ್ಲ ಸೇರಿ 114. ಸೆಕೆಂಡಿಗೆ 20 ಸಲ ಕಳಿಸಿದರೆ 2,280 ಬೈಟ್. ಉಳಿದ 9 ಜನರಿಂದ ಬರುವುದು ಸುಮಾರು 20 ಕೆಬಿ. ಧ್ವನಿಗೆ ಓಪಸ್ ಕೊಡೆಕ್‌ನಲ್ಲಿ (ಧ್ವನಿ ಕುಗ್ಗಿಸುವ ವಿಧಾನ) 24 ಕಿಲೋಬಿಟ್ ಇಟ್ಟರೂ ಒಬ್ಬರಿಗೆ ಸೆಕೆಂಡಿಗೆ 3 ಕೆಬಿ ಬೇಕು. ಮೈಗಿಂತ ಮಾತಿಗೇ ಜಾಸ್ತಿ ಖರ್ಚು.

ಸೆಕೆಂಡಿಗೆ 20 ಅಂದರೆ 50 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್. 100 ಮಿಲಿಸೆಕೆಂಡ್ ಬಫರ್ ಇಟ್ಟು ಎರಡು ಪ್ಯಾಕೆಟ್ ನಡುವಿನ ಭಂಗಿ ಲೆಕ್ಕ ಹಾಕಿ ತುಂಬಿ (ಇಂಟರ್‌ಪೋಲೇಟ್). ಕೋನ ಸಣ್ಣದಿರುವುದರಿಂದ ಗೋಳದ ಮೇಲೆ ಬೆರೆಸುವ ಸ್ಲರ್ಪ್ ಬೇಡ, ನೇರ ಗೆರೆಯಲ್ಲಿ ಬೆರೆಸುವ ಸಾದಾ ಲರ್ಪ್ ಮಾಡಿ ಉದ್ದವನ್ನು 1ಕ್ಕೆ ತಂದರೆ (ನಾರ್ಮಲೈಸ್) ಸಾಕು. ಚಿಹ್ನೆ ಮಾತ್ರ ನೋಡಿಕೊಳ್ಳಿ. ಎರಡು ಕ್ವಾಟರ್ನಿಯನ್‌ಗಳ ಡಾಟ್ ಪ್ರಾಡಕ್ಟ್ ಋಣ ಬಂದಾಗ ಒಂದರ ಚಿಹ್ನೆ ಬದಲಿಸದಿದ್ದರೆ ತೋಳು ಇಡೀ ಸುತ್ತು ಹೊಡೆದು ಬರುತ್ತದೆ.

ಮೊಣಕೈಮಹೇಶ:

ನಾಗಿ ಮೇಡಂ, ಒಂದು ತಕರಾರು. ಬರೀ ಕೋನ ಕಳಿಸಿದರೆ ಸೊಂಟದಿಂದ ಬೆನ್ನು, ಭುಜ, ಮೊಣಕೈ, ಮಣಿಕಟ್ಟು ಅಂತ ಪ್ರತಿ ಕೀಲಿನ ಸಣ್ಣ ತಪ್ಪು ಸೇರುತ್ತಾ ಹೋಗುತ್ತದೆ. ಕೈ ಅಷ್ಟಿಷ್ಟು ಆಚೀಚೆ ಆಗುತ್ತದೆ. ಸುಮ್ನೆ ಮಾತಾಡುವಾಗ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಇವರ ಆ್ಯಪ್‌ನಲ್ಲಿ ಸ್ಪ್ಯಾನರ್ ಕೈಬದಲಾಗಬೇಕು. ಉಪಕರಣ ಗಾಳಿಯಲ್ಲಿ ತೇಲುತ್ತಾ ಕೈ ಪಕ್ಕದಲ್ಲಿ ಇದ್ದರೆ ತರಬೇತಿ ನಗೆಪಾಟಲು.

ನೆಟ್‌ವರ್ಕ್‌ನಾಗಿ:

ಒಪ್ಪಿದೆ. ಎರಡು ಕೈಯ ಪೊಸಿಶನ್ ಕೂಡ ಕಳಿಸಿ, ಇನ್ನು 12 ಬೈಟ್. ಹತ್ತಿರ ನಿಂತವರಿಗೆ ಮಾತ್ರ, ಅದೂ ಏನಾದರೂ ಹಿಡಿದಿದ್ದರೆ ಮಾತ್ರ, ಕೊನೆಯಲ್ಲಿ ತೋಳಿನ ಎರಡು ಬೋನ್ ಸರಿಪಡಿಸಿ. ಪೂರ್ತಿ ಮೈಯ ಐಕೆ ಬೇರೆಯವರ ಅವತಾರ್‌ಗೆ ಬೇಡವೇ ಬೇಡ.

ಮೊಣಕೈಮಹೇಶ:

ಹಾಗೆ ಮಾಡಿದರೆ ಸರಿ. ಈಗ ಹೆಸರಿಗೆ ತಕ್ಕಂತೆ ಮೊಣಕೈ ವಿಷಯಕ್ಕೆ ಬರುತ್ತೇನೆ.

ಭುಜ ಎಲ್ಲಿದೆ, ಮಣಿಕಟ್ಟು ಎಲ್ಲಿದೆ ಅಂತ ಗೊತ್ತಿದ್ದರೂ ಮೊಣಕೈ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ನೀವೇ ಗೋಡೆಗೆ ಅಂಗೈ ಊರಿ ನಿಂತುಕೊಳ್ಳಿ. ಭುಜ, ಅಂಗೈ ಎರಡೂ ಅಲುಗದಂತೆ ಮೊಣಕೈಯನ್ನು ಮೇಲೆ ಕೆಳಗೆ ತಿರುಗಿಸಬಹುದು. ಭುಜದಿಂದ ಮಣಿಕಟ್ಟಿಗೆ ಎಳೆದ ಗೆರೆಯ ಸುತ್ತ ಒಂದು ವೃತ್ತ ಇದೆ, ಮೊಣಕೈ ಅದರ ಮೇಲೆ ಎಲ್ಲಿ ಬೇಕಾದರೂ ಇರಬಹುದು. ಕಂಟ್ರೋಲರ್ ಅಂಗೈಯ ಸುದ್ದಿ ಹೇಳುತ್ತದೆ, ಮೊಣಕೈಯ ಸುದ್ದಿ ಹೇಳುವುದಿಲ್ಲ. ಹಾಗಾಗಿ ಊಹೆ ಮಾಡಲೇಬೇಕು.

ತೋಳು ಬಾಗುವ ಕೋನಕ್ಕೆ ಪಿಯುಸಿಯಲ್ಲಿ ಓದಿದ ಕೊಸೈನ್ ಸೂತ್ರ ಸಾಕು. ಮೂರೂ ಬದಿಯ ಉದ್ದ ಗೊತ್ತು, ಕೋನ ಸಿಗುತ್ತದೆ, ಒಂದೇ ಏಟಿಗೆ ಮುಗಿಯಿತು. ಸುತ್ತಿ ಸುತ್ತಿ ಉತ್ತರಕ್ಕೆ ಹತ್ತಿರ ಹೋಗುವ ಸಿಸಿಡಿ, ಫ್ಯಾಬ್ರಿಕ್ ಥರದ ಸಾಲ್ವರ್ ತೋಳಿಗೆ ದಂಡ. ಫ್ಯಾಬ್ರಿಕ್ ಒಳ್ಳೆಯದೇ, 2011ರಲ್ಲಿ ಅರಿಸ್ಟಿಡೌ ಮತ್ತು ಲ್ಯಾಸೆನ್‌ಬಿ ಬರೆದದ್ದು, ಬೆನ್ನುಮೂಳೆಯಂಥ ಉದ್ದ ಸರಪಳಿಗೆ ಚೆನ್ನಾಗಿ ಬರುತ್ತದೆ. ಎರಡೇ ಬೋನ್‌ಗೆ ಅದನ್ನು ಕರೆಯುವ ಅಗತ್ಯ ಇಲ್ಲ.

ವೃತ್ತದ ಮೇಲೆ ಜಾಗ ಆರಿಸಲು ನಾನು ಮೂರು ವಿಷಯ ನೋಡುತ್ತೇನೆ. ಸಹಜವಾಗಿ ಮೊಣಕೈ ಕೆಳಗೆ ಮತ್ತು ಸ್ವಲ್ಪ ಹಿಂದಕ್ಕೆ ಇರುತ್ತದೆ, ಅಲ್ಲಿಂದ ಶುರು. ಆಮೇಲೆ ಮಣಿಕಟ್ಟು ಎಷ್ಟು ತಿರುಗಿದೆ ನೋಡಿ, ಅಂಗೈ ಹೊರಗೆ ತಿರುಚಿದಷ್ಟೂ ಮೊಣಕೈ ಮೇಲೇಳುತ್ತದೆ. ಕೊನೆಗೆ ಕೈ ಎದೆಯ ಅಡ್ಡ ಬಂದಿದೆಯಾ, ತಲೆಗಿಂತ ಮೇಲೆ ಹೋಗಿದೆಯಾ ಅಂತ ನೋಡಿ ತೂಕ ಬದಲಿಸಿ. ಬಂದ ಉತ್ತರವನ್ನು ಹಿಂದಿನ ಫ್ರೇಮ್ ಜೊತೆ ಸ್ವಲ್ಪ ಬೆರೆಸಿ, ಇಲ್ಲದಿದ್ದರೆ ಮೊಣಕೈ ಪಟ್ ಅಂತ ನೆಗೆಯುತ್ತದೆ.

ಆದರೆ ಇದೆಲ್ಲಕ್ಕಿಂತ ಮುಂಚೆ ತೋಳಿನ ಉದ್ದ ಅಳೆಯಿರಿ. ನಾನು ನೋಡಿದ ಕೋಳಿ ರೆಕ್ಕೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದೇ. ಅವತಾರ್ ತೋಳು ನಿಜವಾದ ತೋಳಿಗಿಂತ ಉದ್ದ ಇರುತ್ತದೆ, ಮಿಕ್ಕಿದ ಉದ್ದ ಎಲ್ಲೋ ಹೋಗಬೇಕಲ್ಲ, ಮೊಣಕೈ ಹೊರಗೆ ಹೋಗುತ್ತದೆ. ಶುರುವಿನಲ್ಲಿ ಒಂದು ಸಲ ಎರಡೂ ಕೈ ಚಾಚಿ ನಿಲ್ಲಲು ಹೇಳಿ ಅಳತೆ ತೆಗೆದುಕೊಳ್ಳಿ. ಇನ್ನೊಂದು ಮಾತು, ಹೆಡ್‌ಸೆಟ್ ಕೊಡುವುದು ಕಣ್ಣಿನ ಜಾಗ, ಕತ್ತಿನ ಜಾಗ ಅಲ್ಲ. ಕತ್ತಿನ ಕೀಲು ಅದಕ್ಕಿಂತ ಹಿಂದೆ ಮತ್ತು ಕೆಳಗೆ ಇದೆ. ಈ ವ್ಯತ್ಯಾಸ ಬಿಟ್ಟರೆ ತಲೆ ಬಗ್ಗಿಸಿದಾಗಲೆಲ್ಲ ಇಡೀ ಮೈ ಹಿಂದೆ ಮುಂದೆ ಜಾರುತ್ತದೆ.

ಅರೆಬರೆ ಆರ್ಟಿಸ್ಟ್:

ಎಂಜಿನಿಯರ್‌ಗಳೇ ಮಾತಾಡುತ್ತಿದ್ದೀರಿ, ಅವತಾರ್‌ಗೆ ಬೋನ್ ಜೋಡಿಸಿ ರಿಗ್ ಮಾಡುವವಳ ಕಡೆಯಿಂದ ಎರಡು ಮಾತು.

110 ಬೋನ್‌ನಲ್ಲಿ ಎಷ್ಟು ಬೆರಳಿನವು ಅಂತ ಎಣಿಸಿದ್ದೀರಾ? ಬೆರಳಿಗೆ ಮೂರು ಅಂದರೂ ಎರಡು ಕೈಗೆ 30. 5 ಮೀಟರ್ ಆಚೆ ನಿಂತವರ ಉಂಗುರ ಬೆರಳಿನ ಗೆಣ್ಣು ಯಾರಿಗೆ ಕಾಣುತ್ತದೆ? ದೂರದವರಿಗೆ ಬಳಸುವ ಸರಳ ಆವೃತ್ತಿಯಲ್ಲಿ (ಎಲ್‌ಒಡಿ) ಬೆರಳೆಲ್ಲ ಕೈ ಬೋನ್‌ಗೇ ಅಂಟಿಸಿ. ವರ್ಟೆಕ್ಸ್‌ಗೆ 4 ಬೋನ್ ತೂಕ ಕೂಡ ಎಲ್ಲ ಕಡೆ ಬೇಡ, ಭುಜ ಮತ್ತು ಸೊಂಟ ಬಿಟ್ಟರೆ 2 ಸಾಕು. ಯೂನಿಟಿಯಲ್ಲಿ ಕ್ವಾಲಿಟಿ ಸೆಟ್ಟಿಂಗ್‌ನಲ್ಲೇ ಅದನ್ನು ಬದಲಿಸಬಹುದು. ಇಂಪೋರ್ಟ್ ಮಾಡುವಾಗ ಆಪ್ಟಿಮೈಸ್ ಗೇಮ್ ಆಬ್ಜೆಕ್ಟ್ಸ್ ಆನ್ ಮಾಡಿ. ಆಗ ಪ್ರತಿ ಬೋನ್‌ಗೂ ಒಂದೊಂದು ಟ್ರಾನ್ಸ್‌ಫಾರ್ಮ್ (ಜಾಗ, ಕೋನದ ದಾಖಲೆ) ಇಟ್ಟು ಸಾಕುವ ಖರ್ಚು ತಪ್ಪುತ್ತದೆ. ಸ್ಪ್ಯಾನರ್ ಹಿಡಿಯಲು ಬೇಕಾದ ಕೈ ಬೋನ್ ಮಾತ್ರ ಹೊರಗೆ ಇಡಿ.

ಮಣಿಕಟ್ಟು ತಿರುಗಿಸಿದಾಗ ಚಾಕೊಲೇಟ್ ಕಾಗದ ತಿರುಚಿದ ಹಾಗೆ ಕಾಣುತ್ತದಲ್ಲ, ಅದು ಬೋನ್ ಜೊತೆ ಚರ್ಮ ಬಗ್ಗಿಸುವ ಲೀನಿಯರ್ ಸ್ಕಿನ್ನಿಂಗ್‌ನ ಹುಟ್ಟುಗುಣ. ಮ್ಯಾಟ್ರಿಕ್ಸ್‌ಗಳನ್ನು ಸರಾಸರಿ ಮಾಡಿದರೆ ನಡುವೆ ಗಾತ್ರ ಕುಗ್ಗುತ್ತದೆ. 2007ರಲ್ಲಿ ಲಾಡಿಸ್ಲಾವ್ ಕವನ್ ಮತ್ತು ಜೊತೆಗಾರರು ಡ್ಯುಯಲ್ ಕ್ವಾಟರ್ನಿಯನ್ ಬಳಸಿ ಇದಕ್ಕೆ ಉತ್ತರ ಕೊಟ್ಟರು. ಚೆನ್ನಾಗಿದೆ, ಆದರೆ ಅದರಲ್ಲಿ ಕೀಲು ಬಾಗಿದಾಗ ಚರ್ಮ ಉಬ್ಬುತ್ತದೆ. ಯೂನಿಟಿಯಲ್ಲಿ ಸಿದ್ಧವಾಗಿಯೂ ಇಲ್ಲ, ನೀವೇ ಬರೆಯಬೇಕು. ಮುಂಗೈಗೆ ಒಂದು ಟ್ವಿಸ್ಟ್ ಬೋನ್ ಹಾಕಿ ತಿರುಚನ್ನು ಹಂಚಿಬಿಡಿ, ಮುಗೀತು. ಅದಕ್ಕಿಂತ ಸುಲಭ ಅಂದರೆ ನಿಮ್ಮ ಕೆಲಸಗಾರರಿಗೆ ಉದ್ದ ತೋಳಿನ ಕವರಾಲ್ ಮತ್ತು ಗ್ಲೌಸ್ ಹಾಕಿ. ಸುರಕ್ಷತಾ ತರಬೇತಿ ಅಂದಮೇಲೆ ಹೇಗೂ ಹಾಕಿಸಲೇಬೇಕು. ಮಣಿಕಟ್ಟೇ ಕಾಣುವುದಿಲ್ಲ.

ಚಿಕ್ಕಮಗಳೂರ್‌ಕಾಫಿ:

ಗ್ಲೌಸ್ ಐಡಿಯಾ ಸೂಪರ್ ಮೇಡಂ.

ಹಳೇಶೇಡರ್:

ಸ್ಕಿನ್ನಿಂಗ್ ಎಲ್ಲಿ ನಡೆಯುತ್ತದೆ ಅನ್ನುವುದೂ ಮುಖ್ಯ. ಕ್ವೆಸ್ಟ್‌ನ ಜಿಪಿಯು ಚಿತ್ರವನ್ನು ಟೈಲ್‌ಗಳಾಗಿ ಒಡೆದು ಬಿಡಿಸುತ್ತದೆ. ಯಾವ ಟ್ರಯಾಂಗಲ್ ಯಾವ ಟೈಲ್‌ನಲ್ಲಿ ಬೀಳುತ್ತದೆ ಅಂತ ತಿಳಿಯಲು ವರ್ಟೆಕ್ಸ್ ಪೊಸಿಶನ್ ಅನ್ನು ಮೊದಲೇ ಒಂದು ಸಲ ಲೆಕ್ಕ ಹಾಕಬೇಕು, ಆಮೇಲೆ ಬಿಡಿಸುವಾಗ ಮತ್ತೊಂದು ಸಲ. ಜೊತೆಗೆ ಎರಡು ಕಣ್ಣು. ಸ್ಕಿನ್ನಿಂಗ್ ಅನ್ನು ವರ್ಟೆಕ್ಸ್ ಶೇಡರ್ (ಬಿಡಿಸುವಾಗ ಪ್ರತಿ ವರ್ಟೆಕ್ಸ್‌ಗೂ ಜಿಪಿಯುನಲ್ಲಿ ಓಡುವ ಕೋಡ್) ಒಳಗೆ ಇಟ್ಟರೆ ಅದೇ ತೋಳನ್ನು ಮತ್ತೆ ಮತ್ತೆ ಬಗ್ಗಿಸುತ್ತೀರಿ. ಬಿಡಿಸುವ ಮೊದಲೇ ಓಡುವ ಕಂಪ್ಯೂಟ್ ಶೇಡರ್‌ನಲ್ಲಿ ಫ್ರೇಮ್‌ಗೆ ಒಂದೇ ಸಲ ಮಾಡಿ ಬಫರ್‌ಗೆ ಬರೆದಿಟ್ಟರೆ ಎರಡೂ ಕಣ್ಣಿಗೆ ಅದೇ ಸಾಕು. ಯೂನಿಟಿಯ ಜಿಪಿಯು ಸ್ಕಿನ್ನಿಂಗ್ ಆಯ್ಕೆ ಮಾಡುವುದು ಹೆಚ್ಚುಕಡಿಮೆ ಇದನ್ನೇ.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಮಾತ್ರ ಬೇರೆ ಕಡೆ ಇದೆ. ಎಲ್ಲ ಅವತಾರ್‌ಗಳನ್ನೂ ಪ್ರತಿ ಫ್ರೇಮ್ ಅಪ್‌ಡೇಟ್ ಮಾಡುವುದನ್ನು ನಿಲ್ಲಿಸಿ. 2 ಮೀಟರ್ ಒಳಗಿನವರು ಪ್ರತಿ ಫ್ರೇಮ್. ಅದರಾಚೆಯವರು ಎರಡು ಫ್ರೇಮ್‌ಗೆ ಒಮ್ಮೆ. ಕೋಣೆಯ ಆ ತುದಿಯವರು ನಾಲ್ಕಕ್ಕೆ ಒಮ್ಮೆ. ಅನ್‌ರಿಯಲ್ ಗೇಮ್ ಎಂಜಿನ್‌ನಲ್ಲಿ ಇದು ಸಿದ್ಧವಾಗೇ ಇದೆ, ಒಟ್ಟು ಸಮಯಕ್ಕೆ ಮಿತಿ ಹಾಕಿ ಅವತಾರ್‌ಗಳ ನಡುವೆ ಹಂಚುವ ಬಜೆಟ್ ಅಲೊಕೇಟರ್ ಕೂಡ ಇದೆ. ಯೂನಿಟಿಯಲ್ಲಿ ನೀವೇ ಬರೆಯಬೇಕು, ಆದರೆ ದೊಡ್ಡ ಕೋಡ್ ಏನಲ್ಲ. ಒಂದೇ ಎಚ್ಚರಿಕೆ, ನಾಲ್ಕಕ್ಕೆ ಒಮ್ಮೆ ಇರುವವರೆಲ್ಲ ಒಂದೇ ಫ್ರೇಮ್‌ಗೆ ಬೀಳಬಾರದು. ಮದುವೆ ಮನೆಯಲ್ಲಿ ನೆಂಟರೆಲ್ಲ ಬೆಳಿಗ್ಗೆ ಒಟ್ಟಿಗೇ ಬಚ್ಚಲಿಗೆ ಹೊರಟ ಹಾಗೆ ಆಗುತ್ತದೆ. ಅವತಾರ್ ಸಂಖ್ಯೆಯನ್ನು 4ರಿಂದ ಭಾಗಿಸಿ ಶೇಷದ ಪ್ರಕಾರ ಸರದಿ ಹಚ್ಚಿ.

ಬೆನ್ನ ಹಿಂದೆ ಇರುವವರನ್ನು ಪೂರ್ತಿ ನಿಲ್ಲಿಸಬಹುದು ಅನ್ನಿಸುತ್ತದೆ. ವಿಆರ್‌ನಲ್ಲಿ ಜನ ಕತ್ತು ಬಹಳ ಬೇಗ ತಿರುಗಿಸುತ್ತಾರೆ. ಪೂರ್ತಿ ನಿಲ್ಲಿಸಿದರೆ ತಿರುಗಿದ ಕ್ಷಣದಲ್ಲಿ ಹಳೇ ಭಂಗಿಯಿಂದ ಹೊಸದಕ್ಕೆ ನೆಗೆಯುವುದು ಕಾಣುತ್ತದೆ. ಬಂದ ಪ್ಯಾಕೆಟ್‌ಗಳನ್ನು ಇಟ್ಟುಕೊಂಡಿರಿ, ನೋಟದ ಅಂಚಿಗಿಂತ ಸ್ವಲ್ಪ ಹೊರಗೇ ಮತ್ತೆ ಶುರು ಮಾಡಿ.

ಬೆಂಕಿಪೊಟ್ಟಣ:

ಎಲ್ಲ ಬರೆದಿಟ್ಟುಕೊಳ್ಳುತ್ತಿದ್ದೇನೆ. ಮುಖದ 52 ಶೇಪ್ ಏನು ಮಾಡಲಿ?

ಅರೆಬರೆ ಆರ್ಟಿಸ್ಟ್:

ಕ್ವೆಸ್ಟ್ 2ರಲ್ಲಿ ಮುಖ ನೋಡುವ ಕ್ಯಾಮೆರಾನೇ ಇಲ್ಲ. 52 ಯಾರಿಗೆ? ಆ ಸಂಖ್ಯೆ ಬಂದದ್ದು ಆ್ಯಪಲ್‌ನ ಎಆರ್‌ಕಿಟ್ ತಂತ್ರಾಂಶದಿಂದ. ಐಫೋನ್ ಎಕ್ಸ್ ಮುಂದೆ ಡೆಪ್ತ್ ಕ್ಯಾಮೆರಾ ಇತ್ತು, ಹಾಗಾಗಿ ಕೆನ್ನೆ ಉಬ್ಬಿಸುವುದರಿಂದ ಹಿಡಿದು ಎಲ್ಲವನ್ನೂ ಅಳೆಯಬಹುದಿತ್ತು. ನಿಮ್ಮಲ್ಲಿ ಇರುವುದು ಮೈಕ್ ಮಾತ್ರ. ಧ್ವನಿಯಿಂದ ತುಟಿ ಆಡಿಸುವ ಓಕ್ಯುಲಸ್ ಲಿಪ್‌ಸಿಂಕ್‌ಗೆ 15 ವಿಸೀಮ್ (ಉಚ್ಚಾರಕ್ಕೆ ತಕ್ಕ ಬಾಯಿಯ ಆಕಾರ) ಸಾಕು. ಜೊತೆಗೆ ರೆಪ್ಪೆ ಮುಚ್ಚಲು ಎರಡು, ಹುಬ್ಬಿಗೆ ಒಂದೆರಡು.

ಮೆಮೊರಿಯ ಕಚ್ಚಾ ಲೆಕ್ಕ ಕೇಳಿ. ಒಂದು ಶೇಪ್‌ನಲ್ಲಿ ವರ್ಟೆಕ್ಸ್‌ಗೆ ಪೊಸಿಶನ್, ಬೆಳಕಿನ ಲೆಕ್ಕಕ್ಕೆ ಬೇಕಾದ ನಾರ್ಮಲ್, ಟ್ಯಾಂಜೆಂಟ್ ಮೂರೂ ಇಟ್ಟರೆ 36 ಬೈಟ್. 10,000 ವರ್ಟೆಕ್ಸ್ ಇರುವ ಮೆಶ್‌ಗೆ (ಟ್ರಯಾಂಗಲ್‌ಗಳ ಜಾಲ) 52 ಶೇಪ್ ಅಂದರೆ 18 ಎಂಬಿ ದಾಟುತ್ತದೆ. ತಲೆಯನ್ನು ಬೇರೆ ಮೆಶ್ ಮಾಡಿ, ಶೇಪ್‌ಗಳೆಲ್ಲ ಅಲ್ಲೇ ಇರಲಿ, ಟ್ಯಾಂಜೆಂಟ್ ಕಿತ್ತುಹಾಕಿ. ಒಂದು ಡ್ರಾ ಕಾಲ್ ಜಾಸ್ತಿ ಆದರೂ ಲಾಭವೇ.

ಕಣ್ಣಿನ ಬಗ್ಗೆ ಮಾತ್ರ ಜಿಪುಣತನ ಬೇಡ. ಮಾತಾಡುವವರ ಕಡೆ ಕಣ್ಣು ತಿರುಗಲಿ, ಆಗಾಗ ಪಕ್ಕಕ್ಕೆ ಹೋಗಿ ಬರಲಿ, ಅಷ್ಟಿಷ್ಟು ಸಮಯಕ್ಕೆ ರೆಪ್ಪೆ ಬಡಿಯಲಿ. ಎರಡು ಬೋನ್ ಮತ್ತು ನಾಲ್ಕು ಸಾಲು ಕೋಡ್. ನಿಮ್ಮ ಮ್ಯಾನೇಜರ್ ಕೇಳುವ "ಮನುಷ್ಯರ ಹಾಗೆ" ಅನ್ನುವುದು ಇಲ್ಲಿಂದ ಬರುತ್ತದೆಯೇ ಹೊರತು ಚರ್ಮದ ರಂಧ್ರದಿಂದ ಅಲ್ಲ.

ಪಿಕ್ಸೆಲ್‌ಪುಟ್ಟಿ:

ಆದರೆ ಈಗ ಫೋಟೋದಂಥ ಅವತಾರ್‌ಗಳೇ ಬಂದಿವೆಯಲ್ಲ. ಮೆಟಾದ ಕೋಡೆಕ್ ಅವತಾರ್, ಆ್ಯಪಲ್ ಹೆಡ್‌ಸೆಟ್ ವಿಷನ್ ಪ್ರೊದಲ್ಲಿ ಪರ್ಸೋನಾ. ಇನ್ನೂ ಬೋನ್, ಟ್ರಯಾಂಗಲ್ ಅಂತ ಯಾಕೆ ಒದ್ದಾಡಬೇಕು?

ಹಳೇಶೇಡರ್:

ಬಂದಿವೆ, ಆದರೆ ಏನು ಕೊಟ್ಟು ಬಂದಿವೆ ನೋಡಿ. 2021ರ ಪಿಕ್ಸೆಲ್ ಕೋಡೆಕ್ ಅವತಾರ್ ಕೆಲಸದಲ್ಲಿ ಒಂದು ಕ್ವೆಸ್ಟ್ 2 ಮೇಲೆ 5 ಅವತಾರ್‌ಗಳನ್ನು ಒಟ್ಟಿಗೆ ಓಡಿಸಿ ತೋರಿಸಿದ್ದರು. ನಿಜಕ್ಕೂ ದೊಡ್ಡ ಸಾಧನೆ. ಪ್ರತಿ ಪಿಕ್ಸೆಲ್‌ಗೆ ಪುಟ್ಟ ನ್ಯೂರಲ್ ನೆಟ್‌ವರ್ಕ್ ಓಡಿಸಿ, ಕಣ್ಣಿಗೆ ಕಾಣುವ ಭಾಗಕ್ಕೆ ಮಾತ್ರ ಲೆಕ್ಕ ಮಾಡುವ ಉಪಾಯ ಅದು. ಆದರೆ ಅದು ಮುಖದ ಕೆಲಸ. ಮೊದಲೇ ಆ ವ್ಯಕ್ತಿಯನ್ನು ಕ್ಯಾಮೆರಾಗಳಿಂದ ಸುತ್ತುವರಿದ ದೊಡ್ಡ ವ್ಯವಸ್ಥೆಯಲ್ಲಿ ಕೂರಿಸಿ ಚಿತ್ರ ತೆಗೆಯಬೇಕು. ಕಾರ್ಖಾನೆಗೆ ಬರುವ ಪ್ರತಿಯೊಬ್ಬರನ್ನೂ ಹಾಗೆ ಕೂರಿಸುತ್ತೀರಾ? ವಿಷನ್ ಪ್ರೊ 2024ರ ಫೆಬ್ರವರಿಯಲ್ಲಿ ಬಂತು, ಆಗ ಒಳಗೆ ಎಂ2 ಚಿಪ್ ಇತ್ತು, ಬೆಲೆ 3,499 ಡಾಲರ್‌ನಿಂದ ಶುರುವಾಗುತ್ತಿತ್ತು. ಕ್ವೆಸ್ಟ್ 2 ಬಿಡುಗಡೆಯಾದಾಗ 299 ಡಾಲರ್ ಇತ್ತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಗಾಸಿಯನ್ ಸ್ಪ್ಲಾಟಿಂಗ್ 2023ರಿಂದ ಎಲ್ಲರ ಬಾಯಲ್ಲಿದೆ. ಮೊಬೈಲ್ ಜಿಪಿಯುಗೆ ಅದು ಕಷ್ಟದ ಕೆಲಸ. ಲಕ್ಷಗಟ್ಟಲೆ ಪಾರದರ್ಶಕ ಚುಕ್ಕೆಗಳನ್ನು ದೂರದ ಪ್ರಕಾರ ಜೋಡಿಸಿ ಒಂದರ ಮೇಲೊಂದು ಬಿಡಿಸಬೇಕು. ಒಬ್ಬರಿಗೆ ಸರಿ, 10 ಜನಕ್ಕೆ ಈ ಚಿಪ್‌ನಲ್ಲಿ ನಾನಂತೂ ಕೈ ಹಾಕುವುದಿಲ್ಲ.

ಪಿಕ್ಸೆಲ್‌ಪುಟ್ಟಿ:

ಸರಿ, ನೋಟ ಬಿಡಿ, ಚಲನೆಗಾದರೂ ಮಷಿನ್ ಲರ್ನಿಂಗ್ ಬಳಸಬಹುದಲ್ವಾ? ಮೂರು ಬಿಂದುವಿನಿಂದ ಪೂರ್ತಿ ಮೈ ಊಹಿಸುವ ಅವತಾರ್‌ಪೋಸರ್ ಇದೆ.

ಮೊಣಕೈಮಹೇಶ:

ಇದೆ, 2022ರಲ್ಲಿ ಸ್ವಿಟ್ಜರ್‌ಲೆಂಡಿನ ಇಟಿಎಚ್ ಜ್ಯೂರಿಕ್‌ನಿಂದ ಬಂತು. ಅದೇ ವರ್ಷ ಮೆಟಾದವರ ಕ್ವೆಸ್ಟ್‌ಸಿಮ್ ಕೂಡ ಬಂತು, ಅದು ಭೌತಶಾಸ್ತ್ರದ ಸಿಮ್ಯುಲೇಶನ್ ಒಳಗೆ ಗೊಂಬೆಯನ್ನು ನಡೆಸಲು ಕಲಿಸುತ್ತದೆ. ನಡೆಯುವಾಗ, ಕೈ ಬೀಸುವಾಗ ನನ್ನ ಸೂತ್ರಕ್ಕಿಂತ ಎಷ್ಟೋ ಸಹಜ. ಎರಡು ತೊಡಕು. ಇಂಥವುಗಳಿಗೆ ಕಲಿಸುವ ದತ್ತಾಂಶ ಸಾಮಾನ್ಯವಾಗಿ ಜನರ ಚಲನೆ ದಾಖಲಿಸಿದ ಅಮಾಸ್ ಸಂಗ್ರಹದ್ದು, ಮೈಯ ಮಾದರಿ ಎಸ್‌ಎಂಪಿಎಲ್. ಎರಡೂ ಸಂಶೋಧನೆಗೆ ಉಚಿತ, ವ್ಯಾಪಾರಕ್ಕೆ ಬೇರೆ ಪರವಾನಗಿ ಬೇಕು. ಕಂಪನಿ ಕೆಲಸಕ್ಕೆ ಸುಮ್ನೆ ಎತ್ತಿ ಹಾಕಬೇಡಿ. ಎರಡನೆಯದು, ಕಲಿತಿರದ ಭಂಗಿ ಬಂದರೆ ಕೈ ಕಂಟ್ರೋಲರ್ ಬಿಟ್ಟು ಬೇರೆಲ್ಲೋ ಹೋಗುತ್ತದೆ. ಹಾಗಾಗಿ ಕೊನೆಯಲ್ಲಿ ಅದೇ ಎರಡು ಬೋನ್ ಐಕೆ ಹಾಕಿ ಕೈಯನ್ನು ಅದರ ಜಾಗಕ್ಕೆ ತರಬೇಕು.

ಕಾಲಿಗಾದರೆ ಸಿದ್ಧ ಸಾಮಾನು ಇದೆ. ಮೆಟಾದ ಮೂವ್‌ಮೆಂಟ್ ಎಸ್‌ಡಿಕೆಯಲ್ಲಿ (ಚಲನೆಗೆ ಸಿದ್ಧ ಕೋಡ್) 2023ರ ಡಿಸೆಂಬರ್‌ನಿಂದ ಜನರೇಟಿವ್ ಲೆಗ್ಸ್ ಇದೆ, ಕ್ವೆಸ್ಟ್ 2ರಲ್ಲೂ ಓಡುತ್ತದೆ. ಅದು ಊಹೆಯ ಕಾಲು, ಒಂದು ಕಾಲು ಎತ್ತಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಮೊಣಕೈಯನ್ನು ಕ್ಯಾಮೆರಾದಿಂದಲೇ ನೋಡುವ ಬಾಡಿ ಟ್ರ್ಯಾಕಿಂಗ್ ಕ್ವೆಸ್ಟ್ 3ರಲ್ಲಿ ಇದೆ, ಕ್ವೆಸ್ಟ್ 2ರಲ್ಲಿ ಇಲ್ಲ.

ಚಿಕ್ಕಮಗಳೂರ್‌ಕಾಫಿ:

ಕಾಲು ಅಂದಕೂಡಲೇ 2022ರ ಅಕ್ಟೋಬರ್ ನೆನಪಾಯಿತು. ಜ಼ಕರ್‌ಬರ್ಗ್ ಅವತಾರ್ ವೇದಿಕೆಯಲ್ಲಿ ಕುಣಿದು ಕಾಲು ತೋರಿಸಿತ್ತು. ಆಮೇಲೆ ಆ ದೃಶ್ಯವನ್ನು ಮೋಷನ್ ಕ್ಯಾಪ್ಚರ್‌ನಿಂದ (ನಿಜ ಮನುಷ್ಯರ ಚಲನೆ ದಾಖಲಿಸಿ) ಮಾಡಿದ್ದು ಅಂತ ಮೆಟಾ ಕಂಪನಿಯೇ ಹೇಳಿತು. ಅಷ್ಟು ದುಡ್ಡಿದ್ದವರಿಗೇ ಕಾಲು ಅಷ್ಟು ಕಷ್ಟ ಆಗಿತ್ತು ಅಂದಮೇಲೆ ನಮ್ಮ ಬೆಂಕಿಪೊಟ್ಟಣ ಬೇಜಾರು ಮಾಡಿಕೊಳ್ಳಬೇಕಿಲ್ಲ.

ಕರಾವಳಿಗೆಜ್ಜೆ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಹವ್ಯಾಸಕ್ಕೆ ಬಡಗುತಿಟ್ಟಿನ ಯಕ್ಷಗಾನ ವೇಷವನ್ನು ವಿಆರ್‌ಗೆ ತರುತ್ತಿದ್ದೇನೆ. ಕೇದಗೆ ಮುಂದಲೆ, ಭುಜಕೀರ್ತಿ, ಎದೆಕಟ್ಟು ಎಲ್ಲ ಸೇರಿ ಮೆಶ್ ತುಂಬಾ ಭಾರ ಆಗಿದೆ. ವೇಷಧಾರಿ ಮೂವರೇ, ಆದರೆ ಎದುರಿಗೆ ಬಯಲಲ್ಲಿ 200 ಪ್ರೇಕ್ಷಕರು ಬೇಕು. ಇದು ಕ್ವೆಸ್ಟ್‌ನಲ್ಲಿ ಆಗುವ ಮಾತಾ?

ಅರೆಬರೆ ಆರ್ಟಿಸ್ಟ್:

ವೇಷದ ಕಡೆಯಿಂದ ನಿಮಗೆ ಅದೃಷ್ಟ ಇದೆ. ಭುಜಕೀರ್ತಿ, ಮುಂದಲೆ ಇವೆಲ್ಲ ಬಾಗುವುದೇ ಇಲ್ಲ. ಮುಂದಲೆ ಪೂರ್ತಿ ತಲೆ ಬೋನ್‌ಗೆ, ಭುಜಕೀರ್ತಿ ಭುಜದ ಬೋನ್‌ಗೆ, ಒಂದೇ ತೂಕ. ಬೇರೆ ಆಬ್ಜೆಕ್ಟ್ ಮಾಡದೆ ಅದೇ ಮೆಶ್‌ನಲ್ಲಿ ಇಟ್ಟರೆ ಡ್ರಾ ಕಾಲ್ ಕೂಡ ಏರುವುದಿಲ್ಲ. ಕನ್ನಡಿ ಚೂರು, ಮಣಿ ಎಲ್ಲ ಟೆಕ್ಸ್‌ಚರ್ ಮತ್ತು ನಾರ್ಮಲ್ ಮ್ಯಾಪ್‌ಗೆ (ಉಬ್ಬುತಗ್ಗಿನ ಭ್ರಮೆ ಕೊಡುವ ಚಿತ್ರ) ಮೊದಲೇ ಬರೆದಿಡಿ, ಅಂದರೆ ಬೇಕ್ ಮಾಡಿ. ಮುಖವರ್ಣಿಕೆ ಹೇಗೂ ಬಣ್ಣವೇ. ಸೀರೆಯ ನೆರಿಗೆಗೆ ನಾಲ್ಕಾರು ಸ್ಪ್ರಿಂಗ್ ಬೋನ್ ಸಾಕು, ಬಟ್ಟೆಯ ಸಿಮ್ಯುಲೇಶನ್ ಬೇಡ. ಗಿರಕಿ ಹೊಡೆಯುವಾಗ ಮಾತ್ರ ಆ ವೇಷಧಾರಿಯನ್ನು ಪ್ರತಿ ಫ್ರೇಮ್ ಅಪ್‌ಡೇಟ್ ಮಾಡಿ, ಎರಡಕ್ಕೆ ಒಮ್ಮೆ ಮಾಡಿದರೆ ಸುತ್ತು ಕಡಿದು ಕಡಿದು ಕಾಣುತ್ತದೆ.

ಹಳೇಶೇಡರ್:

200 ಪ್ರೇಕ್ಷಕರಿಗೆ ಅನಿಮೇಟರ್ ಬೇಡವೇ ಬೇಡ. ಕೂತು ನೋಡುವ, ತಲೆ ಆಡಿಸುವ, ಪಕ್ಕದವರ ಜೊತೆ ಮಾತಾಡುವ ಚಲನೆಗಳನ್ನು ಮೊದಲೇ ಟೆಕ್ಸ್‌ಚರ್‌ಗೆ ಬರೆದಿಡಿ. 60 ಬೋನ್, ಬೋನ್‌ಗೆ ಮೂರು ಪಿಕ್ಸೆಲ್, 4 ಸೆಕೆಂಡಿನ ಚಲನೆ 30 ಫ್ರೇಮ್ ದರದಲ್ಲಿ ಅಂದರೆ 21,600 ಪಿಕ್ಸೆಲ್. ಪಿಕ್ಸೆಲ್‌ಗೆ 8 ಬೈಟ್ ಹಿಡಿದರೂ 173 ಕೆಬಿ. ಶೇಡರ್ ಅದನ್ನು ಓದಿ ಮೈ ಬಗ್ಗಿಸುತ್ತದೆ, ಒಂದೇ ಆದೇಶದಲ್ಲಿ ಅದೇ ಮೆಶ್ ಅನ್ನು ಹಲವು ಸಲ ಬಿಡಿಸುವ ಇನ್‌ಸ್ಟೆನ್ಸಿಂಗ್‌ನಿಂದ ನೂರಾರು ಜನ ಬೆರಳೆಣಿಕೆಯ ಡ್ರಾ ಕಾಲ್‌ನಲ್ಲಿ ಮುಗಿಯುತ್ತಾರೆ. 2007ರ ಜಿಪಿಯು ಜೆಮ್ಸ್ 3 ಪುಸ್ತಕದಲ್ಲೇ ಈ ಉಪಾಯ ಇದೆ. ಪ್ರತಿಯೊಬ್ಬರಿಗೂ ಶುರುವಿನ ಸಮಯ ಬೇರೆ ಕೊಡಿ, ಇಲ್ಲದಿದ್ದರೆ 200 ಜನ ಒಟ್ಟಿಗೇ ತಲೆ ಆಡಿಸುತ್ತಾರೆ. ಹಿಂದಿನ ಸಾಲಿನವರಿಗೆ 300 ಟ್ರಯಾಂಗಲ್ ಕೂಡ ಜಾಸ್ತಿ. ಇಲ್ಲಿ ಬಗ್ಗಿಸುವುದು ಮತ್ತೆ ವರ್ಟೆಕ್ಸ್ ಶೇಡರ್‌ನಲ್ಲೇ, ಹಾಗಾಗಿ ವರ್ಟೆಕ್ಸ್ ವಿಷಯದಲ್ಲಿ ಕೈ ಬಿಗಿ ಇರಲಿ.

ಕರಾವಳಿಗೆಜ್ಜೆ:

ಧನ್ಯವಾದ ಇಬ್ಬರಿಗೂ. ಟೆಕ್ಸ್‌ಚರ್‌ಗೆ ಬರೆಯುವ ಭಾಗ ಇವತ್ತೇ ಶುರು ಮಾಡುತ್ತೇನೆ.

ಬೆಂಕಿಪೊಟ್ಟಣ:

ಸುದ್ದಿ ತಂದಿದ್ದೇನೆ. ಬೇರೆಯವರ ಅವತಾರ್‌ಗೆ ಅನಿಮೇಟರ್, ಐಕೆ ಎರಡೂ ತೆಗೆದೆವು, ಭಂಗಿ ನೆಟ್‌ವರ್ಕ್‌ನಿಂದಲೇ ಬರುತ್ತದೆ. ದೂರದ ಪ್ರಕಾರ ಸರದಿ ಹಚ್ಚಿದೆವು. ಮಟೀರಿಯಲ್ ಮೈಗೆ ಒಂದು, ತಲೆಗೆ ಒಂದು. 10 ಜನ ಇದ್ದಾಗಲೂ 72 ನಿಲ್ಲುತ್ತಿದೆ. ತಮಾಷೆ ಅಂದರೆ ಟ್ರಯಾಂಗಲ್ ಇನ್ನೂ 14,000 ಇದೆ, ಮೊದಲು ಅರ್ಧ ಮಾಡಿದ ಮೇಲೆ ಅದನ್ನು ಮುಟ್ಟಲೇ ಇಲ್ಲ. ತೋಳಿನ ಅಳತೆ ತೆಗೆದ ಮೇಲೆ ಕೋಳಿ ರೆಕ್ಕೆ ಬಹುಪಾಲು ಹೋಯಿತು. ಗ್ಲೌಸ್ ಹಾಕಿಸಿದ್ದಕ್ಕೆ ಮ್ಯಾನೇಜರ್‌ಗೆ ಖುಷಿಯೋ ಖುಷಿ, ಅದು ತಮ್ಮದೇ ಐಡಿಯಾ ಅಂತ ಕ್ಲೈಂಟ್‌ಗೆ ಹೇಳಿದ್ದಾರೆ.

ಒಂದು ಉಳಿದಿದೆ. ಕುರ್ಚಿಯಲ್ಲಿ ಕೂತು ಹೆಡ್‌ಸೆಟ್ ಹಾಕಿಕೊಂಡವರ ಅವತಾರ್ ಅರ್ಧ ಕುಕ್ಕರಗಾಲಲ್ಲಿ ನಿಂತ ಹಾಗೆ ಕಾಣುತ್ತದೆ. ಇದಕ್ಕೇನು ಮಾಡುತ್ತೀರಿ? ಕೆಲವರು ಸ್ಪೇಸ್‌ವಾರ್ಪ್ (ನಡುವಿನ ಚಿತ್ರಗಳನ್ನು ಊಹಿಸಿ ತುಂಬುವ ಆಯ್ಕೆ) ಆನ್ ಮಾಡಿ 36ಕ್ಕೆ ಇಳಿಸಿ ಅಂತಲೂ ಹೇಳುತ್ತಿದ್ದಾರೆ, ಅದು ಬೇಕಾ?

ಹಳೇಶೇಡರ್:

72 ನಿಂತಿದ್ದರೆ ಸ್ಪೇಸ್‌ವಾರ್ಪ್ ಮುಟ್ಟಬೇಡಿ. ಅದಕ್ಕೆ ಸ್ಕಿನ್ ಆದ ಮೆಶ್‌ನ ಹಿಂದಿನ ಫ್ರೇಮ್ ಪೊಸಿಶನ್ ಕೂಡ ಇಟ್ಟುಕೊಳ್ಳಬೇಕು. ಬೀಸುವ ಕೈ ಅಂಚಿನಲ್ಲಿ ಕಲೆಸಿಹೋಗುವುದೂ ಕಾಣುತ್ತದೆ.

ಮೊಣಕೈಮಹೇಶ:

ಕೂತವರಿಗೆ ತಲೆಯ ಎತ್ತರ ನೋಡಿ ತಾನಾಗಿ ತೀರ್ಮಾನಿಸಲು ಹೋಗಬೇಡಿ. ಬಗ್ಗಿ ಬೋಲ್ಟ್ ಎತ್ತುವವರನ್ನೂ ಅದು ಕೂತವರು ಅಂದುಕೊಳ್ಳುತ್ತದೆ. ಅಳತೆ ತೆಗೆಯುವ ಪರದೆಯಲ್ಲೇ "ಕೂತಿದ್ದೇನೆ" ಅಂತ ಒಂದು ಬಟನ್ ಇಡಿ. ಒತ್ತಿದರೆ ಆಗಿನ ಕಣ್ಣಿನ ಎತ್ತರವನ್ನು ನಿಂತ ಎತ್ತರ ಅಂತ ಹಿಡಿದು ವ್ಯತ್ಯಾಸವನ್ನು ನೆಲಕ್ಕೆ ಸೇರಿಸಿ. ಬೇರೆಯವರಿಗೆ ಅವರು ನಿಂತ ಹಾಗೇ ಕಾಣುತ್ತಾರೆ. ನೆಲದ ಮೇಲಿರುವ ವಸ್ತುಗಳು ಆಗ ಅವರಿಗೆ ಎಟುಕುವುದಿಲ್ಲ. ಸ್ಪ್ಯಾನರ್ ಕೆಳಗೆ ಬಿದ್ದರೆ ದೂರದಿಂದ ಎಳೆದುಕೊಳ್ಳುವ ವ್ಯವಸ್ಥೆ ಅವರಿಗೆ ಮಾತ್ರ ಕೊಡಿ.

ಬೆಂಕಿಪೊಟ್ಟಣ:

ಬಟನ್ ಇವತ್ತೇ ಹಾಕುತ್ತೇವೆ. ದೂರದಿಂದ ಎಳೆಯುವುದಕ್ಕೆ ಕ್ಲೈಂಟ್‌ ಒಪ್ಪಿಗೆ ಬೇಕು, ಸುರಕ್ಷತೆಯವರು ಸ್ಪ್ಯಾನರ್ ಗಾಳಿಯಲ್ಲಿ ಹಾರಿಬರುವುದಕ್ಕೆ ಏನನ್ನುತ್ತಾರೋ ನೋಡಬೇಕು.